ಬಭ್ರುವಾಹನನ ಎದುರು ಮತ್ತೊಮ್ಮೆ
ಕಳೆದ ಭಾನುವಾರ ಪುಣೆ ಬಳಿಯ ನಿಗಡಿಯ ನಮ್ಮ ಮನೆಯ ಟಿವಿಯಲ್ಲಿ ಮತ್ತೆ ‘ಬಭ್ರುವಾಹನ’ ಹಾಕಿದೆವು. ಹುಣಸೂರು ಕೃಷ್ಣಮೂರ್ತಿ 1977ರಲ್ಲಿ ನಿರ್ದೇಶಿಸಿದ ಚಿತ್ರ; ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಶ್ವಮೇಧದ ಕುದುರೆ, ಮಣಿಪುರ, ನಾಗಲೋಕದ ಮಣಿ ಎಲ್ಲವೂ ಲಕ್ಷ್ಮೀಶನ ಜೈಮಿನಿ ಭಾರತದಿಂದ, ಯಕ್ಷಗಾನದಿಂದ ನಮಗೆ ಗೊತ್ತಿದ್ದದ್ದೇ. ಚಿಕ್ಕಂದಿನಲ್ಲಿ ನನಗೆ ಬೇಕಿದ್ದದ್ದು ಬೆಂಕಿ ಉಗುಳುವ ಬಾಣಗಳು, ಹಾವುಗಳು. ಈಗ ಮನಸ್ಸು ನಿಲ್ಲುವುದು ಅಪ್ಪ-ಮಗ ಹಾಡಿನಲ್ಲೇ ಒಬ್ಬರನ್ನೊಬ್ಬರು ಕೆಣಕುವ ಕಡೆ. ಟಿ.ಜಿ. ಲಿಂಗಪ್ಪನವರ ಸಂಗೀತ, ಪಿ.ಬಿ. ಶ್ರೀನಿವಾಸರದೊಂದು ಕಂಠ, ರಾಜ್ ಅವರದೇ ಇನ್ನೊಂದು. ಕಂಪ್ಯೂಟರ್ ಇಲ್ಲದ ಕಾಲದ ದ್ವಿಪಾತ್ರವೆಂದರೆ ನಟ ಖಾಲಿ ಜಾಗವನ್ನು ದಿಟ್ಟಿಸಿ ಸಿಟ್ಟಾಗಬೇಕು, ಆಮೇಲೆ ವೇಷ ಬದಲಿಸಿ ಬಂದು ಆ ಸಿಟ್ಟಿಗೇ ಉತ್ತರ ಕೊಡಬೇಕು. ಅಪ್ಪನ ಗರ್ವ ಎತ್ತಿದ ಕತ್ತಿನಲ್ಲಿದೆ, ಮಗನ ಅವಮಾನ ಕಣ್ಣಲ್ಲಿ. ಇಬ್ಬರೂ ಒಬ್ಬರೇ ಎಂಬುದು ನಮಗೆ ಮರೆತೇಹೋಗುತ್ತದೆ. ಇಂಥ ನಟನೆಗೆ ಇವತ್ತಿನ ಯಾವ ಗ್ರಾಫಿಕ್ಸೂ ಸಮವಲ್ಲ. ಮರಾಠಿ ಗೆಳತಿಯರ ನಡುವೆ ಬೆಳೆಯುತ್ತಿರುವ ಮಗಳು ಯುದ್ಧಕ್ಕೆ ಕಾಯುತ್ತಿದ್ದವಳು ಅರ್ಜುನ ಮಗನ ಹುಟ್ಟನ್ನೇ ಹೀಗಳೆದಾಗ, “ಪಪ್ಪಾ, ಅಂದ್ರೆ ಅವರಮ್ಮನಿಗೂ ಬೈದ ಹಾಗಾಯ್ತಲ್ಲ?” ಎಂದಳು. ಹೌದು. ಆ ಅಮ್ಮ, ಸರೋಜಾದೇವಿಯವರ ಚಿತ್ರಾಂಗದೆಯನ್ನು ಆಮೇಲೆ ನಾವಿಬ್ಬರೂ ಬೇರೆಯೇ ಕಣ್ಣಿನಿಂದ ನೋಡಿದೆವು.