ತಿಂಗಳಿಗೆ 10 ಕಿಲೋ? ಲೆಕ್ಕ ಹಾಕಿ ನೋಡಿ

ಓಡಲು ಶುರು ಮಾಡಿದರೆ ಒಂದೇ ತಿಂಗಳಲ್ಲಿ 10 ಕಿಲೋ ಇಳಿಯುತ್ತದೆ ಎಂಬ ಸಲಹೆ ಆರೋಗ್ಯ ಪುಟಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಬರೆದವರು ಲೆಕ್ಕ ಹಾಕಿದಂತಿಲ್ಲ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ. 70 ಕಿಲೋ ತೂಕದವರು ಒಂದು ಕಿ.ಮೀ. ಓಡಿದರೆ ಖರ್ಚಾಗುವುದು ಸುಮಾರು 70. ಬರೀ ಓಟದಿಂದ 10 ಕಿಲೋ ಇಳಿಸಲು 1,100 ಕಿ.ಮೀ., ಅಂದರೆ ದಿನಕ್ಕೆ 36ಕ್ಕೂ ಹೆಚ್ಚು ಓಡಬೇಕು! ಆ ಸಲಹೆ ನಂಬಿದ ಹೊಸಬರಿಗೆ ಮೊಣಕಾಲು ನೋವೇ ಗತಿ.

ಗೋಕಾಕದಲ್ಲಿ 3 ಕಿ.ಮೀ. ಓಡಿ ಬಂದು 50 ಗ್ರಾಂ ಕರದಂಟು ತಿಂದರೆ ಲೆಕ್ಕ ಬಹುತೇಕ ಚುಕ್ತಾ. ತೂಕ ಇಳಿಸುವ ಕೆಲಸ ಮೊದಲು ತಾಟಿನಲ್ಲಿ ಆಗಬೇಕು. ಹಾಗಂತ ಓಟ ಬೇಡವೆ? ಬೇಕು: ಹೃದಯಕ್ಕೆ, ಸಕ್ಕರೆ ಹತೋಟಿಗೆ, ನಿದ್ದೆಗೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ 20 ನಿಮಿಷ, ವಾರಕ್ಕೆ ಮೂರು ದಿನ ಆರಂಭಕ್ಕೆ ಸಾಕು. ಬಿ.ಪಿ., ಸಕ್ಕರೆ, ಎದೆನೋವು ಇದ್ದವರು ಮೊದಲು ವೈದ್ಯರನ್ನು ಕಾಣಲಿ.

ಓಡುವ ಜಾಗವೂ ಮುಖ್ಯ. ಕಬ್ಬು ಕಟಾವಿನ ದಿನಗಳಲ್ಲಿ ಟ್ರ್ಯಾಕ್ಟರ್ ಸಾಲುಗಟ್ಟುವ ರಸ್ತೆಯಲ್ಲಿ ನಸುಕಿಗೆ ಓಡುವುದು ಅಪಾಯ. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಮೈದಾನಗಳನ್ನು ಬೆಳಿಗ್ಗೆ ಎಲ್ಲರಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ತೆರೆದಿಡಿ, ದೀಪ ಹಾಕಿಸಿ. ಸುಳ್ಳು ಭರವಸೆಗಿಂತ ಅದೇ ಹೆಚ್ಚು ಜನರನ್ನು ಓಡಿಸುತ್ತದೆ.