ಊರು ಬಿಡುವಾಗ ಕಾರನ್ನೂ ಒಯ್ಯಬೇಕೆ?

ಮಲೆನಾಡಿನ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ಹೋದದ್ದು ಒಂದು ತಲೆಮಾರಿನ ಕಥೆ; ಅಲ್ಲಿಂದ ಇಂಗ್ಲೆಂಡ್, ಆಸ್ಟ್ರೇಲಿಯಾ, ಜರ್ಮನಿಗಳಿಗೆ ತೆರಳುತ್ತಿರುವುದು ಮುಂದಿನ ತಲೆಮಾರಿನ ಕಥೆ. ಹಾಗೆ ಹೊರಟು ನಿಂತವರನ್ನು ಕಾಡುವ ಪ್ರಶ್ನೆಗಳಲ್ಲಿ ಒಂದು: ದುಡಿದು ಕೊಂಡ ಕಾರನ್ನು ಏನು ಮಾಡುವುದು? ಹಡಗಿನಲ್ಲಿ ಸಾಗಿಸುವುದೋ, ಮಾರುವುದೋ, ಊರಿನ ಕೊಟ್ಟಿಗೆಯಲ್ಲಿ ನಿಲ್ಲಿಸುವುದೋ? ಮೇಲ್ನೋಟಕ್ಕೆ ಇದು ಒಂದು ಮನೆಯ ಜಮಾಖರ್ಚಿನ ವಿಷಯ. ಆದರೆ ಇದರೊಳಗೆ ಗಾಳಿಯ, ಮಣ್ಣಿನ ಹಾಗೂ ನ್ಯಾಯದ ಸಂಗತಿಗಳು ಅಡಗಿರುವುದರಿಂದ ನಮ್ಮೆಲ್ಲರ ಚರ್ಚೆಗೂ ಅರ್ಹವಾಗಿದೆ.

ಕೆಲವು ನಾಡುಗಳ ಮಟ್ಟಿಗೆ ಉತ್ತರ ಸರಳ. ಅಮೆರಿಕ ಮತ್ತು ಜರ್ಮನಿಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ನಮ್ಮ ಕಾರಿನ ಚಾಲಕನ ಆಸನ ಅಲ್ಲಿ ತಪ್ಪು ಬದಿಗೆ ಬೀಳುತ್ತದೆ. ಅದರ ಮೇಲೆ ಅಮೆರಿಕವು ತನ್ನ ಸುರಕ್ಷತಾ ಮಾನಕಗಳಿಗೆ ಹೊಂದದ ಕಾರನ್ನು, ಅದು 25 ವರ್ಷ ಹಳೆಯದಾಗಿರದ ಹೊರತು, ಸಾಮಾನ್ಯವಾಗಿ ಕಾಯಂ ಬಳಕೆಗೆ ಸೇರಿಸಿಕೊಳ್ಳುವುದಿಲ್ಲ. ಸಿಂಗಪುರದಲ್ಲಿ ಸಂಚಾರ ನಮ್ಮಂತೆಯೇ ಎಡಬದಿಯದು. ಆದರೆ ಮೂರು ವರ್ಷ ಮೀರಿದ ಬಳಸಿದ ಕಾರಿಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ಕಾರು ಇಟ್ಟುಕೊಳ್ಳುವ ಹಕ್ಕುಪತ್ರವನ್ನೇ ಹರಾಜಿನಲ್ಲಿ ಪಡೆಯುವ ಪದ್ಧತಿ 1990ರಿಂದ ಜಾರಿಯಲ್ಲಿದೆ. ಹತ್ತು ವರ್ಷಗಳ ಅವಧಿಯ ಆ ಹಕ್ಕುಪತ್ರದ ಬೆಲೆ 2023ರಲ್ಲಿ ಒಂದು ಲಕ್ಷ ಸಿಂಗಪುರ ಡಾಲರನ್ನು ದಾಟಿತ್ತು. ನೆಲ ಚಿಕ್ಕದು, ಕಾರುಗಳ ಸಂಖ್ಯೆಗೆ ಮಿತಿ ಇರಲೇಬೇಕು ಎಂಬ ತತ್ವ ಅದರ ಹಿಂದಿದೆ.

ಕಾರು ಒಯ್ಯಲು ಅನುಕೂಲವೆಂದು ತೋರುವ ನಾಡು ಬ್ರಿಟನ್. ಅಲ್ಲಿಯೂ ಎಡಬದಿಯ ಸಂಚಾರ. ಒಂದು ವರ್ಷವಾದರೂ ಹೊರಗೆ ವಾಸವಾಗಿದ್ದು, ಆರು ತಿಂಗಳಾದರೂ ಆ ಕಾರನ್ನು ಬಳಸಿರುವವರು ವಾಸ ಬದಲಿಸುವಾಗ ಆಮದು ಸುಂಕದ ವಿನಾಯಿತಿಗೆ ಅರ್ಜಿ ಹಾಕಬಹುದು. ಒಂದು ವರ್ಷ ಅದನ್ನು ಮಾರಕೂಡದು, ಅಷ್ಟೆ. ಇಷ್ಟು ತಿಳಿದು ಸಂತೋಷಪಡುವವರು ಲಂಡನ್ನಿನ ಇನ್ನೊಂದು ನಿಯಮವನ್ನೂ ತಿಳಿಯಬೇಕು. 2019ರಲ್ಲಿ ನಗರದ ನಡುಭಾಗದಲ್ಲಿ ಆರಂಭವಾಗಿ 2023ರ ಆಗಸ್ಟ್‌ನಲ್ಲಿ ಲಂಡನ್ನಿನ ಎಲ್ಲ ಬಡಾವಣೆಗಳಿಗೂ ವಿಸ್ತರಿಸಿದ ಅತಿ ಕಡಿಮೆ ಹೊಗೆಯ ವಲಯದಲ್ಲಿ, ಯೂರೋ-6 ಮಾನಕ ಮುಟ್ಟದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ವಿಧಿಸಲಾಯಿತು. ಅದಕ್ಕೆ ಸಮೀಪವಾದ ಬಿಎಸ್-6 ಮಾನಕ ಭಾರತದಲ್ಲಿ ಕಡ್ಡಾಯವಾದದ್ದು 2020ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಮ್ಮಲ್ಲಿ ಮಾರಾಟವಾದ ಡೀಸೆಲ್ ಕಾರುಗಳು ಬಹುಮಟ್ಟಿಗೆ ಬಿಎಸ್-4 ಇಲ್ಲವೇ ಅದಕ್ಕೂ ಹಳೆಯವು. ಅಂದರೆ, ನಮ್ಮ ಊರಿನ ಬೀದಿಯಲ್ಲಿ ಯಾರ ಅಡ್ಡಿಯೂ ಇಲ್ಲದೆ ಓಡಾಡಿದ ಕಾರು ಲಂಡನ್ನಿನಲ್ಲಿ ದಿನವೂ ದಂಡ ತೆರಬೇಕಾಗುತ್ತದೆ. ಅಲ್ಲಿನ ಮಗುವಿನ ಶ್ವಾಸಕೋಶಕ್ಕೆ ಸಲ್ಲದ ಹೊಗೆ ಇಲ್ಲಿನ ಮಗುವಿಗೆ ಸಲ್ಲುವುದು ಹೇಗೆ?

ಆಸ್ಟ್ರೇಲಿಯಾದವರ ಚಿಂತೆ ಹೊಗೆಗಿಂತ ಮಣ್ಣಿನದು. ಅಲ್ಲಿಗೆ ಹೋಗುವ ಕಾರಿನ ಚಕ್ರದಲ್ಲಿ, ತಳದಲ್ಲಿ, ಆಸನಗಳ ಸಂದಿಯಲ್ಲಿ ಮಣ್ಣಾಗಲಿ, ಬೀಜವಾಗಲಿ, ಕೀಟವಾಗಲಿ ಇರಕೂಡದು; ಕಂಡುಬಂದರೆ ಒಡೆಯನ ಖರ್ಚಿನಲ್ಲೇ ತೊಳೆಸುತ್ತಾರೆ ಇಲ್ಲವೇ ಹಿಂದಕ್ಕೆ ಕಳಿಸುತ್ತಾರೆ. ನ್ಯೂಜಿಲೆಂಡ್ 2018ರ ಫೆಬ್ರವರಿಯಲ್ಲಿ, ಹಣ್ಣಿನ ತೋಟಗಳನ್ನು ಹಾಳುಮಾಡುವ ಒಂದು ಜಾತಿಯ ವಾಸನೆಹುಳು ಸಿಕ್ಕಿತೆಂಬ ಕಾರಣಕ್ಕೆ ಜಪಾನಿನಿಂದ ಕಾರು ತುಂಬಿಕೊಂಡು ಬಂದ ಹಡಗುಗಳನ್ನೇ ಮರಳಿಸಿತು. ಇದನ್ನು ಅತಿರೇಕವೆಂದು ನಗುವ ಮುನ್ನ ನಮ್ಮ ಗುಡ್ಡಗಳನ್ನು ಒಮ್ಮೆ ನೋಡೋಣ. ಅಲಂಕಾರಕ್ಕೆಂದು ಬಂದ ಲಂಟಾನ ಇಂದು ಕಾಡಿನ ನೆಲವನ್ನೇ ಮುಚ್ಚಿದೆ. ಹೊರನಾಡಿನಿಂದ ಬಂದ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡವೆನ್ನುವ ಕಳೆ, ರಸ್ತೆಯ ಅಂಚನ್ನು ಹಿಡಿದು ಘಟ್ಟವನ್ನೇರಿದೆ. ಅದೇ ಕಳೆ ಹಬ್ಬಿರುವ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ, ಬೀಜ ಮುಂದೆ ಸಾಗದಂತೆ ವಾಹನ ತೊಳೆಯುವ ತಾಣಗಳನ್ನೇ ನಿರ್ಮಿಸಿದ್ದಾರೆ.

ಇಲ್ಲೊಂದು ಆಕ್ಷೇಪ ಬರಬಹುದು. ಇರುವ ವಸ್ತುವನ್ನು ಬಾಳುವವರೆಗೆ ಬಳಸಿರಿ ಎನ್ನುವ ನಾವೇ ಕಾರನ್ನು ಬಿಟ್ಟುಹೋಗಿ ಎನ್ನುವುದು ಸರಿಯೆ? ಹೊಸ ಕಾರಿನ ತಯಾರಿಕೆಗೆ ಉಕ್ಕು, ಅಲ್ಯುಮಿನಿಯಂ, ರಬ್ಬರು, ವಿದ್ಯುತ್ತು ಬೇಕಲ್ಲವೆ? ಬೇಕು. ಆದರೆ ಇಲ್ಲಿ ಬಿಟ್ಟ ಕಾರು ನಾಶವಾಗುವುದಿಲ್ಲ, ಬೇರೊಬ್ಬರು ಬಳಸುತ್ತಾರೆ. ಹೋದ ನಾಡಿನಲ್ಲಿಯೂ ಬಳಸಿದ ಕಾರುಗಳು ದೊರೆಯುತ್ತವೆ. ಆದ್ದರಿಂದ ಒಂದು ಟನ್ನಿನಷ್ಟು ಲೋಹವನ್ನು ಸಾಗರ ದಾಟಿಸುವುದರಿಂದ ಉಳಿತಾಯವೇನೂ ಆಗದು. ಮಿಗಿಲಾಗಿ, ಅಲ್ಲಿ ಕಾರು ಬೇಕೇ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ರೈಲು, ಬಸ್ಸು, ಸೈಕಲ್ ದಾರಿಗಳಿರುವ ಊರಿನಲ್ಲಿ ಆರು ತಿಂಗಳು ಬಾಳಿ ನೋಡದೆ ಕಾರನ್ನು ಒಯ್ದರೆ, ಅಗತ್ಯಕ್ಕಿಂತ ಮೊದಲೇ ಅಭ್ಯಾಸ ಅಲ್ಲಿಗೆ ತಲುಪಿರುತ್ತದೆ.

ಇನ್ನು ಬಿಟ್ಟುಹೋಗುವ ಕಾರಿನ ಮಾತು. ಶ್ರೀಮಂತ ನಾಡುಗಳು ತಮ್ಮ ಹಳೆಯ ಕಾರುಗಳನ್ನು ಹೇಗೆ ಕಳಚಿಕೊಳ್ಳುತ್ತವೆಂಬುದನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿ ತೋರಿಸಿತು. 2015ರಿಂದ 2018ರ ಅವಧಿಯಲ್ಲಿ 1.4 ಕೋಟಿ ಬಳಸಿದ ಲಘು ವಾಹನಗಳು ರಫ್ತಾದವು. ಅವುಗಳಲ್ಲಿ ಸುಮಾರು ಶೇ. 80ರಷ್ಟು ಬಡ ಹಾಗೂ ಮಧ್ಯಮ ಆದಾಯದ ನಾಡುಗಳಿಗೆ, ಅದರಲ್ಲೂ ದೊಡ್ಡ ಪಾಲು ಆಫ್ರಿಕಕ್ಕೆ ಹೋದವು. ಹೊಗೆ ಮಾಯವಾಗಲಿಲ್ಲ, ವಿಳಾಸ ಬದಲಿಸಿತು. ನಮ್ಮ ನಗರಗಳಿಗೂ ಹಳ್ಳಿಗಳಿಗೂ ಇರುವ ನಂಟು ಇದಕ್ಕಿಂತ ಬಹಳ ಭಿನ್ನವೇನಲ್ಲ. ನಗರದಲ್ಲಿ ಹಳತಾದ ವ್ಯಾನು, ಜೀಪುಗಳು ಕೊನೆಗಾಲಕ್ಕೆ ಬರುವುದು ಗುಡ್ಡಗಾಡಿನ ಏರುದಾರಿಗಳಿಗೇ.

ಆದುದರಿಂದ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಕಾರು ಸುಸ್ಥಿತಿಯಲ್ಲಿದ್ದರೆ, ಹೆಸರನ್ನು ಕ್ರಮವಾಗಿ ವರ್ಗಾಯಿಸಿ ಇಲ್ಲಿಯೇ ಮಾರಿರಿ. ತೀರ ಹಳೆಯದಾಗಿದ್ದರೆ ಹೊಗೆಯುಗುಳಲು ಇನ್ನೊಬ್ಬರಿಗೆ ಒಪ್ಪಿಸದೆ, 2021ರ ನಿಯಮಗಳಂತೆ ನೋಂದಣಿಯಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿರಿ. ಎಂದೋ ಮರಳುವೆವೆಂದು ಬಾವಿಯ ಬದಿಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಲ್ಲಿಸಬೇಡಿರಿ. ಎಂಜಿನ್ನಿನ ಎಣ್ಣೆ, ಬ್ಯಾಟರಿಯ ಆಮ್ಲ ಕೊನೆಗೆ ಸೇರುವುದು ಮನೆಯವರು ಕುಡಿಯುವ ನೀರನ್ನೇ.

ವಿದ್ಯಾರ್ಥಿ ಮಿತ್ರರಿಗೆ ಇನ್ನೊಂದು ಮಾತು. ಪರನಾಡಿನ ಬಂದರು ನಿಮ್ಮ ಕಾರಿನ ಚಕ್ರದ ಮಣ್ಣನ್ನು ಪರೀಕ್ಷಿಸುವಾಗ ಅದನ್ನು ಅವಮಾನವೆಂದು ಭಾವಿಸಬೇಡಿರಿ. ತನ್ನ ನೆಲ ತನಗೆ ಮುಖ್ಯವೆಂದು ಆ ಸಮಾಜ ನಿರ್ಧರಿಸಿದೆ. ನಮ್ಮ ಘಟ್ಟಗಳಿಗೆ ಎಷ್ಟು ವಾಹನ ಬರಬೇಕು, ಎಂತಹ ಹೊಗೆ ಬಿಡಬಹುದು, ಯಾವ ಕಳೆಯನ್ನು ಹೊತ್ತು ತರಕೂಡದು ಎಂದು ನಾವು ಕೇಳಿದರೆ ಅಭಿವೃದ್ಧಿಯ ವಿರೋಧಿಗಳೆನಿಸುತ್ತೇವೆ; ಅದೇ ಪ್ರಶ್ನೆ ಅಲ್ಲಿ ಕಾನೂನಾಗಿದೆ. ಹೋಗುವಾಗ ಕಾರನ್ನು ಇಲ್ಲಿಯೇ ಬಿಟ್ಟುಹೋಗಿರಿ. ಮರಳುವಾಗ ಆ ಕಟ್ಟುನಿಟ್ಟನ್ನು ತಪ್ಪದೆ ತನ್ನಿರಿ.