ಗಗನಯಾನದ ಆಸನ, ಸಾರ್ವಜನಿಕರ ಲೆಕ್ಕ

ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ದೇಶದ ಉಪಗ್ರಹಗಳ ಮೇಲೆ ಕಣ್ಣಿಟ್ಟಿದೆ. ಮಳೆಯ ಮುನ್ಸೂಚನೆಯಿಂದ ದೂರದರ್ಶನದವರೆಗೆ ಉಪಗ್ರಹಗಳ ಪ್ರಯೋಜನವು ಸಕಲೇಶಪುರ, ಆಲೂರಿನ ಬೆಟ್ಟದ ಮನೆಗಳಿಗೂ ತಲುಪಿದೆ. ಕಾಡಾನೆಯ ಕೊರಳಿನ ರೇಡಿಯೋ ಕಾಲರ್ ಅದರ ಸುಳಿವು ಕೊಡುವುದೂ ಉಪಗ್ರಹಗಳ ನೆರವಿನಿಂದಲೇ. ಜನರ ತೆರಿಗೆಯಿಂದ ಬೆಳೆದ ವಿಜ್ಞಾನವು ಜನರಿಗೇ ಮರಳಿದ ಬಗೆ ಇದು.

ಈಗ ಬಾಹ್ಯಾಕಾಶದಲ್ಲಿ ಪ್ರಯಾಣಿಕರ ವ್ಯಾಪಾರವೂ ಬೆಳೆಯುತ್ತಿದೆ. 2001ರಲ್ಲಿ ಅಮೆರಿಕದ ಡೆನಿಸ್ ಟಿಟೊ ಸುಮಾರು 2 ಕೋಟಿ ಡಾಲರ್ ತೆತ್ತು ರಷ್ಯಾದ ನೌಕೆಯಲ್ಲಿ ಹೋಗಿಬಂದರು. 2004ರಲ್ಲಿ ಪಾಲ್ ಆಲೆನ್ ಅವರ ಹಣದಿಂದ ನಿರ್ಮಾಣವಾದ ಸ್ಪೇಸ್‌ಶಿಪ್‌ಒನ್ 1 ಕೋಟಿ ಡಾಲರ್ ಬಹುಮಾನ ಗೆದ್ದಿತು. 2021ರಲ್ಲಿ ರಿಚರ್ಡ್ ಬ್ರಾನ್ಸನ್ ಮತ್ತು ಜೆಫ್ ಬೆಜೋಸ್ ತಮ್ಮ ಕಂಪನಿಗಳ ನೌಕೆಗಳಲ್ಲಿ ತಾವೇ ಏರಿ ಕೆಲವು ನಿಮಿಷಗಳ ತೂಕವಿಲ್ಲದ ಸ್ಥಿತಿಯನ್ನು ಅನುಭವಿಸಿ ಇಳಿದರು.

ಇವೆಲ್ಲ ಸಿರಿವಂತರ ಸ್ವಂತ ಖರ್ಚಿನ ವಿಲಾಸವೆಂದು ತಳ್ಳಿಹಾಕುವಂತಿಲ್ಲ. ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯನ್ನು ಮಾನವಯಾನಕ್ಕೆ ಸಜ್ಜುಗೊಳಿಸಲು ನಾಸಾ 2014ರಲ್ಲಿ ಸುಮಾರು 260 ಕೋಟಿ ಡಾಲರ್‌ಗಳ ಗುತ್ತಿಗೆ ನೀಡಿತು. ಅದೇ ಬಗೆಯ ನೌಕೆಯಲ್ಲಿ 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನ ಕೈಗೊಂಡರು. ಭಾರತ ಅದಕ್ಕೆ ವೆಚ್ಚ ಮಾಡಿದ್ದು ಸುಮಾರು 550 ಕೋಟಿ ರೂಪಾಯಿ. ಹೆಸರು ಖಾಸಗಿಯಾದರೂ ಬುನಾದಿಯಲ್ಲಿ ಸಾರ್ವಜನಿಕರ ದುಡ್ಡಿದೆ.

ಆ ವೆಚ್ಚ ವ್ಯರ್ಥವಾಯಿತೆಂದು ಹೇಳುವುದು ನ್ಯಾಯವಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಗಳು ರೂಪಿಸಿದ ಪ್ರಯೋಗದಲ್ಲಿ ಮೆಂತ್ಯ, ಹೆಸರುಕಾಳುಗಳು ಅಲ್ಲಿ ಮೊಳಕೆಯೊಡೆದವು. ಗಗನಯಾನ ಯೋಜನೆಗೂ ಅನುಭವ ದೊರಕಿತು. ಆದರೆ ಸಂಶೋಧನೆಯ ಯಾನ ಬೇರೆ, ಮೋಜಿನ ಯಾನ ಬೇರೆ. ಈ ಭೇದ ಅಳಿಸಿಹೋಗಬಾರದು.

ಹೆಸರಿನ ಮಹಿಮೆ ಸಕಲೇಶಪುರದ ಜನರಿಗೆ ತಿಳಿಯದ್ದಲ್ಲ. ಕುಡಿಯುವ ನೀರಿನ ಯೋಜನೆ ಎಂಬ ಹೆಸರಿನಿಂದಲೇ ಎತ್ತಿನಹೊಳೆ ಯೋಜನೆಯು ಪರಿಸರ ಅನುಮತಿಯ ಕಟ್ಟುಪಾಡಿನಿಂದ ಹೊರಗುಳಿಯಿತು. ಆಕಾಶದ ವಿಷಯದಲ್ಲಿಯೂ ಹಾಗಾಗಬಾರದು. ನೆಲದ ಹೊಗೆಯ ಮಸಿಯನ್ನು ಮಳೆ ದಿನಗಳಲ್ಲಿ, ವಾರಗಳಲ್ಲಿ ತೊಳೆಯುತ್ತದೆ. ಸೀಮೆಎಣ್ಣೆ ಅಥವಾ ರಬ್ಬರಿನಂಥ ಇಂಧನ ಉರಿಸುವ ರಾಕೆಟ್‌ಗಳು ವಾಯುಮಂಡಲದ ಮೇಲ್ಪದರದಲ್ಲಿ ಉಗುಳುವ ಮಸಿಯನ್ನು ತೊಳೆಯಲು ಅಲ್ಲಿ ಮಳೆಯಿಲ್ಲ. ಅದು ವರ್ಷಗಟ್ಟಲೆ ಉಳಿದು ಬಿಸಿಲನ್ನು ಹೀರುತ್ತದೆ. ಯಾನ ಕೆಲವರದು, ಅದರ ಕಾವು ಮಾತ್ರ ಎಲ್ಲರದು.

ಭಾರತವು 2020ರಲ್ಲಿ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. 2024ರಲ್ಲಿ ರಾಕೆಟ್ ತಯಾರಿಕೆಯಲ್ಲಿ ಶೇ. 49ರವರೆಗೆ ವಿದೇಶಿ ಬಂಡವಾಳಕ್ಕೆ ನೇರ ದಾರಿ ಮಾಡಿಕೊಟ್ಟಿತು. ಪ್ರಯಾಣಿಕರ ನೌಕೆಗಳು ಇಲ್ಲಿಯೂ ಸಿದ್ಧವಾಗುವ ಮುನ್ನವೇ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಹಣ ಯಾರದು, ಲಾಭ ಯಾರಿಗೆ? ಅವಘಡದ ಹೊಣೆ ಯಾರದು? ಪ್ರತಿ ಉಡಾವಣೆಯ ಮಾಲಿನ್ಯವನ್ನು ಅಳೆದು ಬಹಿರಂಗಪಡಿಸುವವರು ಯಾರು?

ಮಲೆನಾಡಿನ ವಿದ್ಯಾರ್ಥಿಗಳು ನಕ್ಷತ್ರಗಳ ಕನಸು ಕಾಣಲಿ, ವಿಜ್ಞಾನಿಗಳಾಗಲಿ. ಜೊತೆಗೆ ಲೆಕ್ಕ ಕೇಳುವ ಪ್ರಜೆಗಳೂ ಆಗಲಿ. ಕಾಡಿನಂತೆ, ಹೊಳೆಯಂತೆ ಆಕಾಶವೂ ಯಾರೊಬ್ಬರ ಸ್ವತ್ತಲ್ಲ.